ಮೊದಲ ಪುಟಿತದಲ್ಲಿ ವಿಮಾನ ಮುರಿಯುವುದಿಲ್ಲ

ತರಬೇತಿ ವಿಮಾನವೊಂದು ಇಳಿಯುವಾಗ ಅಪಘಾತಕ್ಕೀಡಾದ ಸುದ್ದಿ ಬಂದಾಗ ಜೊತೆಗಿನ ಫೋಟೊ ಬಹುಮಟ್ಟಿಗೆ ಒಂದೇ ಥರ ಇರುತ್ತದೆ. ಮುಂದಿನ ಚಕ್ರ ಮಡಚಿ ಒಳಗೆ ಸೇರಿರುತ್ತದೆ, ಮೂಗು ರನ್‌ವೇಗೆ ಊರಿರುತ್ತದೆ, ಬಾಲ ಮೇಲೆದ್ದಿರುತ್ತದೆ, ಪ್ರೊಪೆಲ್ಲರ್‌ನ ಅಲಗುಗಳು ಬಾಗಿರುತ್ತವೆ. ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೋ ಹುಡುಗಿಯೋ ದಿಕ್ಕು ತೋಚದೆ ನಿಂತಿರುವುದೂ ಉಂಟು. ‘ಇಳಿಯುವಾಗ ನಿಯಂತ್ರಣ ತಪ್ಪಿ’ ಎಂಬ ಒಂದು ಸಾಲಿಗೆ ಸುದ್ದಿ ಮುಗಿಯುತ್ತದೆ. ನಿಯಂತ್ರಣ ಯಾವ ಕ್ಷಣದಲ್ಲಿ ತಪ್ಪಿತು, ಯಾಕೆ ತಪ್ಪಿತು ಎನ್ನುವುದು ಅಲ್ಲಿ ಸಿಗುವುದಿಲ್ಲ.

ವಿಮಾನ ನೆಲಕ್ಕೆ ಜೋರಾಗಿ ಅಪ್ಪಳಿಸಿತು, ಹಾಗಾಗಿ ಮುರಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಅಂಥವೂ ಇವೆ. ಆದರೆ ವಿದ್ಯಾರ್ಥಿ ಪೈಲಟ್‌ಗಳ ಲ್ಯಾಂಡಿಂಗ್ ಅಪಘಾತಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಬಗೆ ಬೇರೆ. ಮೊದಲ ಸಲ ನೆಲ ತಾಗಿ ವಿಮಾನ ಮೇಲೆ ಪುಟಿಯುತ್ತದೆ. ಆಗ ಅದಕ್ಕೆ ಏನೂ ಆಗಿರುವುದಿಲ್ಲ. ಎರಡನೆಯ ಪುಟಿತ ಮೊದಲನೆಯದಕ್ಕಿಂತ ಜೋರಾಗಿರುತ್ತದೆ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಮೂಗಿನ ಚಕ್ರ ಕಿತ್ತುಬರುತ್ತದೆ. ಎಲ್ಲ ಸೇರಿ ಕೆಲವೇ ಸೆಕೆಂಡು. ಅಪಘಾತ ಹುಟ್ಟುವುದು ಮೊದಲ ಪೆಟ್ಟಿನಲ್ಲಲ್ಲ, ಅದರ ನಂತರ ಕೈ ಮಾಡುವ ಕೆಲಸದಲ್ಲಿ. ಇದು ಅರ್ಥವಾದರೆ ಆ ಹುಡುಗನ ಮೇಲೆ ಹೊರಿಸುವ ತಪ್ಪಿನಲ್ಲಿ ಎಷ್ಟು ಭಾಗ ನಿಜಕ್ಕೂ ಅವನದು ಎಂಬುದೂ ಅರ್ಥವಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಎಂಜಿನ್ ಕೈಕೊಟ್ಟು ಹೊಲದಲ್ಲಿ ಇಳಿಸಬೇಕಾದ ಪ್ರಸಂಗದ ಬಗ್ಗೆ ಅಲ್ಲ. 2023ರ ಮೇ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರಿದ ತರಬೇತಿ ವಿಮಾನವೊಂದು ಹತ್ತಿರದ ಹೊನ್ನಿಹಾಳ ಬಳಿ ಹೊಲದಲ್ಲಿ ತುರ್ತಾಗಿ ಇಳಿದಿತ್ತು. ಅದು ಬೇರೆಯೇ ಕಥೆ. ಎಂಜಿನ್ ಸರಿಯಿದೆ, ಹವಾಮಾನ ಸರಿಯಿದೆ, ರನ್‌ವೇ ಕಣ್ಣೆದುರಿಗಿದೆ, ಆದರೂ ವಿಮಾನ ಮುರಿಯಿತು ಎನ್ನುವ ಅಪಘಾತ ನಮ್ಮ ವಿಷಯ. ಉದಾಹರಣೆಗೆ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳೋಣ. 1956ರಲ್ಲಿ ಮಾರುಕಟ್ಟೆಗೆ ಬಂದ ಈ ನಾಲ್ಕು ಸೀಟಿನ ವಿಮಾನ ಇದುವರೆಗೆ 44,000ಕ್ಕೂ ಹೆಚ್ಚು ತಯಾರಾಗಿದೆ. ನಮ್ಮ ದೇಶವೂ ಸೇರಿ ಜಗತ್ತಿನ ಎಷ್ಟೋ ಪೈಲಟ್‌ಗಳು ಹಾರಾಟ ಕಲಿತದ್ದು ಇದರಲ್ಲಿ, ಇಲ್ಲವೇ ಇದೇ ಕಂಪನಿಯ ಎರಡು ಸೀಟಿನ 152ರಲ್ಲಿ.

172ಕ್ಕೂ ಮುಂಚೆ ಇದ್ದ ಸೆಸ್ನಾ 170ರ ಮೂರನೆಯ ಚಕ್ರ ಬಾಲದ ಕೆಳಗಿತ್ತು. ಅಂಥ ವಿಮಾನವನ್ನು ನೆಲದ ಮೇಲೆ ನೇರವಾಗಿ ಓಡಿಸುವುದು ಕಷ್ಟ, ಸ್ವಲ್ಪ ಗಮನ ತಪ್ಪಿದರೂ ಗರ್ರನೆ ತಿರುಗಿಬಿಡುತ್ತದೆ. ಆ ಚಕ್ರವನ್ನು ಮೂಗಿನ ಕೆಳಕ್ಕೆ ತಂದದ್ದೇ 172ರ ದೊಡ್ಡ ಬದಲಾವಣೆ. ಕಂಪನಿ ಇದನ್ನು ‘ಲ್ಯಾಂಡ್-ಓ-ಮ್ಯಾಟಿಕ್’ ಎಂಬ ಹೆಸರಿಟ್ಟು ಮಾರಿತು, ಇಳಿಸುವುದು ಇನ್ನು ಕಾರು ಓಡಿಸಿದಷ್ಟೇ ಸುಲಭ ಎಂಬ ಧಾಟಿಯಲ್ಲಿ. ನಿಜಕ್ಕೂ ಸುಲಭವಾಯಿತು. ಆದರೆ ಆ ಮೂಗಿನ ಚಕ್ರ ಭಾರ ಹೊರಲು ಮಾಡಿದ್ದಲ್ಲ. ಭಾರ ಹೊರುವುದು ಹಿಂದಿನ ಎರಡು ಮುಖ್ಯ ಚಕ್ರಗಳು. ಅವು ಹೊಟ್ಟೆಯ ಕೆಳಗಿನ ಗಟ್ಟಿ ಚೌಕಟ್ಟಿಗೆ ಸೇರಿದ ಸ್ಪ್ರಿಂಗ್ ಸ್ಟೀಲ್ ಕಾಲುಗಳ ಮೇಲೆ ನಿಂತಿವೆ. ಮೂಗಿನ ಚಕ್ರದ ಕಾಲು ಎಣ್ಣೆ ಮತ್ತು ಗಾಳಿ ತುಂಬಿದ ಒಂದು ಕೊಳವೆ. ಅದು ಬಿಗಿಯಾಗಿರುವುದು ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವಿನ ತೆಳ್ಳನೆಯ ಲೋಹದ ಗೋಡೆಗೆ, ಅಂದರೆ ಫೈರ್‌ವಾಲ್‌ಗೆ. ವೇಗ ಇಳಿದ ಮೇಲೆ ಮೂಗನ್ನು ಎತ್ತಿಹಿಡಿಯಲು, ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ನಿಧಾನವಾಗಿ ಓಡಿಸುವಾಗ, ತಿರುಗಿಸಲು ಅದು ಸಾಕು. ಇಡೀ ವಿಮಾನದ ಪೆಟ್ಟು ತಿನ್ನಲು ಸಾಲದು. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಸರಿಯಾದ ಲ್ಯಾಂಡಿಂಗ್‌ನಲ್ಲಿ ಏನಾಗುತ್ತದೆ? 172ರ ಎಸ್ ಮಾದರಿಯಲ್ಲಿ ಫ್ಲ್ಯಾಪ್, ಅಂದರೆ ನಿಧಾನ ವೇಗದಲ್ಲೂ ಎತ್ತುವ ಬಲ ಸಿಗಲೆಂದು ರೆಕ್ಕೆಯ ಹಿಂಬದಿಯಲ್ಲಿರುವ ಪಟ್ಟಿ, ಪೂರ್ತಿ ಇಳಿಸಿಕೊಂಡು, 60ರಿಂದ 70 ನಾಟ್ ವೇಗದಲ್ಲಿ ರನ್‌ವೇ ಕಡೆಗೆ ಬರಬೇಕು ಎನ್ನುತ್ತದೆ ಕೈಪಿಡಿ. 65 ನಾಟ್ ಎಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್. ಮೂರು ಡಿಗ್ರಿ ಇಳಿಜಾರಿನಲ್ಲಿ ಬಂದರೆ ವಿಮಾನ ಸೆಕೆಂಡಿಗೆ ಆರು ಅಡಿಗಿಂತ ತುಸು ಕಡಿಮೆ ಇಳಿಯುತ್ತಿರುತ್ತದೆ. ಆಗ ಮೂಗು ಕೆಳಗಿರುತ್ತದೆ. ನೆಲಕ್ಕೆ ಹತ್ತಿಪ್ಪತ್ತು ಅಡಿ ಇದ್ದಾಗ ಪೈಲಟ್ ಥ್ರಾಟಲ್, ಅಂದರೆ ಎಂಜಿನ್ ಬಲ, ತಗ್ಗಿಸಿ, ಕಂಟ್ರೋಲ್ ವೀಲನ್ನು ನಿಧಾನವಾಗಿ ತನ್ನ ಕಡೆಗೆ ಎಳೆದುಕೊಳ್ಳುತ್ತಾ ಹೋಗುತ್ತಾನೆ. ಇದೇ ಫ್ಲೇರ್. ಮೂಗು ಮೇಲೇಳುತ್ತದೆ, ವೇಗ ಇಳಿಯುತ್ತದೆ, ಇಳಿತ ಮೆತ್ತಗಾಗುತ್ತದೆ. ರೆಕ್ಕೆ ಇನ್ನು ಎತ್ತಿಹಿಡಿಯಲಾರೆ ಎನ್ನುವ ಹಂತದಲ್ಲಿ ಮುಖ್ಯ ಚಕ್ರಗಳು ನೆಲ ತಾಗುತ್ತವೆ. ಮೂಗಿನ ಚಕ್ರ ಆಗಲೂ ಗಾಳಿಯಲ್ಲೇ ಇರುತ್ತದೆ. ವೇಗ ಕಳೆದ ಹಾಗೆ ಅದೂ ತಾನಾಗಿ ಇಳಿಯುತ್ತದೆ.

ಒಂದು ಸ್ವಾರಸ್ಯದ ವಿಚಾರ. ಅಮೆರಿಕದ ಸಣ್ಣ ವಿಮಾನಗಳ ವಿನ್ಯಾಸ ನಿಯಮಗಳು ಲ್ಯಾಂಡಿಂಗ್ ಗೇರ್‌ನ, ಅಂದರೆ ಚಕ್ರ ಮತ್ತು ಅವುಗಳ ಕಾಲುಗಳ, ಲೆಕ್ಕಕ್ಕೆ ಹಿಡಿದದ್ದು, ವಿಮಾನದ ಮಾದರಿ ನೋಡಿ, ಸೆಕೆಂಡಿಗೆ 7ರಿಂದ 10 ಅಡಿ ಇಳಿತದ ಪೆಟ್ಟನ್ನು. ಅಂದರೆ ಫ್ಲೇರನ್ನೇ ಮಾಡದೆ ಸೆಕೆಂಡಿಗೆ ಆರು ಅಡಿಯ ಲೆಕ್ಕದಲ್ಲಿ ನೆಲಕ್ಕೆ ಬಂದರೂ ಮುಖ್ಯ ಚಕ್ರಗಳು ತಡೆದುಕೊಳ್ಳುವ ಮಟ್ಟದಲ್ಲೇ ಪೆಟ್ಟು ಇರುತ್ತದೆ. ಆದರೆ ಹಾಗೆ ಬಂದ ವಿಮಾನದ ಮೂಗು ಕೆಳಗಿರುತ್ತದಲ್ಲ, ಮೊದಲು ತಾಗುವುದು ಮೂಗಿನ ಚಕ್ರ. ಪೆಟ್ಟು ಎಷ್ಟು ಎನ್ನುವುದಕ್ಕಿಂತ ಅದು ಯಾವ ಚಕ್ರದ ಮೇಲೆ ಬಿತ್ತು ಎನ್ನುವುದು ಮುಖ್ಯವಾಗುವುದು ಹೀಗೆ.

ಈಗ ವಿದ್ಯಾರ್ಥಿಯ ಲ್ಯಾಂಡಿಂಗ್‌ಗೆ ಬರೋಣ. ಹೊಸಬರ ಅತಿ ಸಾಮಾನ್ಯ ತೊಂದರೆ ಹೆಚ್ಚಿನ ವೇಗ. ನಿಧಾನವಾದರೆ ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿದು, ಬೀಳುತ್ತದೆ ಎಂದು ಮೊದಲ ದಿನದಿಂದ ಕೇಳಿರುತ್ತಾರೆ. ಹಾಗಾಗಿ 65ರ ಬದಲು 75 ಇಟ್ಟುಕೊಂಡರೆ ಕ್ಷೇಮ ಎನಿಸುತ್ತದೆ. ಹತ್ತು ನಾಟ್ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಚಲನೆಯ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಹತ್ತು ನಾಟ್ ಹೆಚ್ಚಾದರೆ ಶಕ್ತಿ ಮೂರನೆಯ ಒಂದು ಪಾಲು ಹೆಚ್ಚು. ಅದನ್ನು ಎಲ್ಲಾದರೂ ಕಳೆಯಲೇಬೇಕು. ನೆಲದ ಹತ್ತಿರ ರೆಕ್ಕೆಗೆ ಗಾಳಿಯ ತಡೆ ಕಡಿಮೆ, ಅದಕ್ಕಾಗಿ ವಿಮಾನ ಇಳಿಯದೆ ರನ್‌ವೇಯ ಮೇಲೆ ತೇಲುತ್ತಾ ಹೋಗುತ್ತದೆ. ರನ್‌ವೇ ಹಿಂದೆ ಸರಿಯುತ್ತಿರುವುದನ್ನು ನೋಡುತ್ತಿರುವ ವಿದ್ಯಾರ್ಥಿಗೆ ಗಾಬರಿ. ‘ಇಳಿದುಬಿಡಲಿ’ ಎಂದು ಕಂಟ್ರೋಲ್ ವೀಲನ್ನು ಸ್ವಲ್ಪ ಮುಂದಕ್ಕೆ ಒತ್ತುತ್ತಾನೆ. ವಿಮಾನ ಇಳಿಯುತ್ತದೆ, ಆದರೆ ಹಾರಲು ಬೇಕಾದಷ್ಟು ವೇಗ ಅದಕ್ಕೆ ಇನ್ನೂ ಇದೆ. ಮೂಗಿನ ಚಕ್ರ ಮೊದಲು ತಾಗುತ್ತದೆ, ಇಲ್ಲವೇ ಮೂರೂ ಒಟ್ಟಿಗೆ.

ಎರಡನೆಯ ತೊಂದರೆ ಎತ್ತರದ ಅಂದಾಜು. ಕಣ್ಣು ಎತ್ತರ ಅಳೆಯುವುದು ರನ್‌ವೇಯ ಅಗಲ ನೋಡಿ. ಸಣ್ಣ ಮೈದಾನದ ಕಿರಿದಾದ ರನ್‌ವೇಯಲ್ಲಿ ಕಲಿತವರು ದೊಡ್ಡ ಜೆಟ್‌ಗಳಿಗೆಂದು ಮಾಡಿದ 45 ಮೀಟರ್ ಅಗಲದ ರನ್‌ವೇಗೆ ಬಂದರೆ, ಇರುವುದಕ್ಕಿಂತ ಕೆಳಗಿದ್ದೇವೆ ಎನಿಸುತ್ತದೆ. ನೆಲ ಬಂದೇಬಿಟ್ಟಿತು ಎಂದು ಬೇಗ ಫ್ಲೇರ್ ಮಾಡುತ್ತಾರೆ. ವೇಗ ಮೇಲೆಯೇ ಮುಗಿದುಹೋಗಿ ವಿಮಾನ ಕುಸಿಯುತ್ತದೆ. ಮೂರಡಿ ಎತ್ತರದಲ್ಲಿ ರೆಕ್ಕೆಯ ಎತ್ತುವ ಬಲ ಅರ್ಧಕ್ಕಿಳಿದರೂ ನೆಲ ತಾಗುವಾಗ ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತು ಅಡಿ ಇಳಿತ ಬಂದಿರುತ್ತದೆ. ಸ್ಪ್ರಿಂಗ್ ಸ್ಟೀಲ್ ಕಾಲುಗಳು ಅಗಲಿಸಿ ಪೆಟ್ಟು ನುಂಗುತ್ತವೆ, ಆದರೆ ನುಂಗಿದ್ದರಲ್ಲಿ ಬಹುಪಾಲನ್ನು ವಾಪಸು ಕೊಡುತ್ತವೆ. ವಿಮಾನ ಪುಟಿಯುತ್ತದೆ.

ಮೂಗಿನ ಚಕ್ರ ಮೊದಲು ತಾಗಿದಾಗ ಪುಟಿತ ಇನ್ನೂ ಕೆಟ್ಟದ್ದು. ವಿಮಾನದ ತೂಕದ ಕೇಂದ್ರ ಇರುವುದು ಮೂಗಿನ ಚಕ್ರಕ್ಕೂ ಮುಖ್ಯ ಚಕ್ರಗಳಿಗೂ ನಡುವೆ. ಮೂಗಿಗೆ ಕೆಳಗಿನಿಂದ ಪೆಟ್ಟು ಬಿದ್ದರೆ ಮೂಗು ಮೇಲಕ್ಕೆ ಚಿಮ್ಮುತ್ತದೆ, ಗಾಳಿಗೆ ರೆಕ್ಕೆ ಒಡ್ಡಿರುವ ಕೋನ ಥಟ್ಟನೆ ಹೆಚ್ಚುತ್ತದೆ, ವೇಗ ಇನ್ನೂ ಇರುವುದರಿಂದ ಎತ್ತುವ ಬಲವೂ ಹೆಚ್ಚುತ್ತದೆ. ಚಕ್ರದ ಸ್ಪ್ರಿಂಗಿಗಿಂತ ರೆಕ್ಕೆಯೇ ವಿಮಾನವನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ ಎನ್ನಬಹುದು.

ಆ ಕ್ಷಣದಲ್ಲಿ ಸೀಟಿನಲ್ಲಿ ಕೂತವರಿಗೆ ಕಾಣುವುದು ರನ್‌ವೇಯ ಬದಲು ಎಂಜಿನ್ ಮುಚ್ಚಳ ಮತ್ತು ಆಕಾಶ. ಮೂಗು ಮೇಲಿದೆ, ವೇಗ ಇಳಿಯುತ್ತಿದೆ. ಕೈ ತಾನಾಗಿ ಕಂಟ್ರೋಲ್ ವೀಲನ್ನು ಮುಂದಕ್ಕೆ ನೂಕುತ್ತದೆ. ಮೂಗು ಇಳಿಯುತ್ತದೆ, ನೆಲ ರಪ್ಪನೆ ಎದುರಾಗುತ್ತದೆ, ಗಾಬರಿಯಿಂದ ಹಿಂದಕ್ಕೆ ಎಳೆಯುತ್ತಾರೆ. ಆದರೆ ಕಣ್ಣಿಗೆ ಕಂಡು, ಕೈ ಕೆಲಸ ಮಾಡಿ, ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ ಎಲಿವೇಟರ್ ಅಲುಗಿ, ವಿಮಾನ ಪ್ರತಿಕ್ರಿಯಿಸುವ ಹೊತ್ತಿಗೆ ತಡವಾಗಿರುತ್ತದೆ. ಮೂಗಿನ ಚಕ್ರ ನೆಲಕ್ಕೆ ಬಡಿದು ಮತ್ತೆ ಮೇಲೆ ಚಿಮ್ಮುವಾಗ ಆ ಎಳೆತವೂ ಜೊತೆಗೆ ಸೇರಿ ಮೂಗು ಮೊದಲಿಗಿಂತ ಹೆಚ್ಚು ಮೇಲೇಳುತ್ತದೆ. ಮತ್ತೆ ನೂಕು, ಮತ್ತೆ ಬಡಿತ. ಜೋಕಾಲಿಯಲ್ಲಿ ಕೂತ ಮಗುವನ್ನು ಪ್ರತಿ ಸಲ ಸರಿಯಾಗಿ ಹಿಂದೆ ಬಂದಾಗಲೇ ತಳ್ಳಿದರೆ ತೂಗಾಟ ಹೆಚ್ಚುತ್ತಾ ಹೋಗುವಂತೆ, ಇಲ್ಲಿ ನಿಲ್ಲಿಸಲು ಹೊರಟ ಕೈಯೇ ಪ್ರತಿ ಸುತ್ತಿಗೂ ಬಲ ಕೂಡಿಸುತ್ತದೆ. ಪೈಲಟ್‌ಗಳು ಇದನ್ನು ಪೋರ್ಪಸಿಂಗ್ ಎನ್ನುತ್ತಾರೆ. ಇದು ಶುರುವಾದ ಮೇಲೆ ಕಂಟ್ರೋಲ್ ವೀಲಿನಿಂದ ಅದನ್ನು ಬೆನ್ನಟ್ಟಿ ಹಿಡಿಯಲು ಅನುಭವಿಗಳಿಗೂ ಆಗುವುದಿಲ್ಲ. ಮೂರ್ನಾಲ್ಕು ಸುತ್ತಿನಲ್ಲಿ ಮೂಗಿನ ಚಕ್ರದ ಕಾಲು ಸೋಲುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಪುಟಿತ ಒಂದೆರಡು ಅಡಿಯದಾದರೆ, ಮೂಗನ್ನು ಲ್ಯಾಂಡಿಂಗ್‌ಗೆ ಬೇಕಾದ ಕೋನದಲ್ಲೇ ಹಿಡಿದುಕೊಂಡು, ಬೇಕಿದ್ದರೆ ಸ್ವಲ್ಪ ಪವರ್ ಕೊಟ್ಟು, ಮುಖ್ಯ ಚಕ್ರಗಳ ಮೇಲೆ ಮತ್ತೆ ಇಳಿಯಲು ಬಿಡಬೇಕು. ಮುಂದಕ್ಕೆ ನೂಕಲೇಬಾರದು. ಪುಟಿತ ದೊಡ್ಡದಾದರೆ ಅಥವಾ ಎರಡನೆಯ ಸಲ ಪುಟಿದರೆ ಪೂರ್ತಿ ಥ್ರಾಟಲ್ ಕೊಟ್ಟು ಹಾರಿಹೋಗಬೇಕು. ಇದು ಗೋ-ಅರೌಂಡ್. ಒಂದು ಸುತ್ತು ಹಾಕಿ ಮತ್ತೆ ಬಂದು ಇಳಿಯಬಹುದು, ಟ್ಯಾಂಕಿನಲ್ಲಿ ಇಂಧನ ಇದೆ, ಯಾರೂ ಅವಸರಪಡಿಸುತ್ತಿಲ್ಲ.

ಹೇಳುವಾಗ ಸರಳ. ಪುಸ್ತಕಗಳು ಗೋ-ಅರೌಂಡನ್ನು ಒಂದು ನಿರ್ಧಾರ ಎಂಬಂತೆ ಬರೆಯುತ್ತವೆ, ಆದರೆ ಅದು ನಿರ್ಧಾರಕ್ಕಿಂತ ಹೆಚ್ಚಾಗಿ ಕೈಕಾಲಿನ ಕೆಲಸ, ಅದೂ ಕಷ್ಟದ ಕೆಲಸ. ನಿಧಾನವಾಗಿ ಬರುವಾಗ ಕೈಗೆ ಭಾರ ಬೀಳದಂತೆ ವಿಮಾನವನ್ನು ಮೂಗು ಮೇಲಾಗುವ ಟ್ರಿಮ್‌ಗೆ (ಕಂಟ್ರೋಲ್ ವೀಲಿನ ಒತ್ತಡ ಸರಿದೂಗಿಸುವ ಹೊಂದಾಣಿಕೆಗೆ) ಹೊಂದಿಸಿರುತ್ತಾರೆ. ಫ್ಲ್ಯಾಪ್ ಪೂರ್ತಿ ಇಳಿದಿರುತ್ತದೆ. ಈ ಸ್ಥಿತಿಯಲ್ಲಿ 172ಎಸ್‌ನ 180 ಅಶ್ವಶಕ್ತಿಯನ್ನು ಒಮ್ಮೆಲೇ ಕೊಟ್ಟರೆ ಮೂಗು ತಾನಾಗಿ ಆಕಾಶ ನೋಡುತ್ತದೆ, ಜೊತೆಗೆ ಎಡಕ್ಕೆ ತಿರುಗಲು ಎಳೆಯುತ್ತದೆ. ಪೈಲಟ್ ಒಂದೇ ಹೊತ್ತಿಗೆ ಕಂಟ್ರೋಲ್ ವೀಲನ್ನು ಬಲವಾಗಿ ಮುಂದಕ್ಕೆ ಒತ್ತಿ ಮೂಗು ತಡೆಯಬೇಕು, ಬಲಗಾಲಿನಿಂದ ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಪೆಡಲ್ ತುಳಿಯಬೇಕು, ಫ್ಲ್ಯಾಪನ್ನು 20 ಡಿಗ್ರಿಗೆ ಏರಿಸಬೇಕು, 60 ನಾಟ್ ಹಿಡಿದು ಮೇಲೇರಬೇಕು. ಬಲಗಾಲು ಮರೆತು, ಮೂಗನ್ನು ತಡೆಯದೆ ಬಿಟ್ಟರೆ ವಿಮಾನ ಎಡಕ್ಕೆ ವಾಲಿ ಸ್ಟಾಲ್ ಆಗಬಹುದು. ಮೂಗಿನ ಚಕ್ರ ಮುರಿಯುವ ಅಪಘಾತದಲ್ಲಿ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ, ಇದರಲ್ಲಿ ಇದೆ. ಇನ್ನೊಂದು ಸೂಕ್ಷ್ಮ ಗಮನಿಸಿ. ಪುಟಿದಾಗ ಮುಂದಕ್ಕೆ ನೂಕಬೇಡ ಎಂದು ಹೇಳಿಕೊಟ್ಟಿರುತ್ತೇವೆ, ಅದೇ ಪುಟಿತದಿಂದ ಗೋ-ಅರೌಂಡ್ ಮಾಡುವಾಗ ಮುಂದಕ್ಕೆ ಒತ್ತು ಎನ್ನುತ್ತೇವೆ. ಅಂಥ ವ್ಯತ್ಯಾಸ ಮಾತಿನಿಂದ ಕೈಗೆ ಇಳಿಯುವುದಿಲ್ಲ. ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು, ಬೇಕೆಂದೇ ಫ್ಲೇರ್‌ನ ನಡುವೆ, ನೆಲ ತಾಗಿದ ಮೇಲೆ, ಮತ್ತೆ ಮತ್ತೆ ಮಾಡಿಸಿದರೆ ಮಾತ್ರ ಬರುತ್ತದೆ. ಐನೂರು ಅಡಿ ಎತ್ತರದಲ್ಲಿ ಆರಾಮಾಗಿ ಮಾಡಿಸಿದ ಗೋ-ಅರೌಂಡ್ ಈ ಕೆಲಸಕ್ಕೆ ಬಾರದು.

ಬೆಂಗಳೂರಿನ ಜಕ್ಕೂರಿನಂಥ ಕಡೆ ಕಲಿಯುವವರಿಗೆ ಇನ್ನೊಂದು ಲೆಕ್ಕ ಸೇರುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. 30 ಡಿಗ್ರಿ ಬಿಸಿಲಿನ ಮಧ್ಯಾಹ್ನ ಅಲ್ಲಿಯ ಗಾಳಿ ಐದು ಸಾವಿರ ಅಡಿಗೂ ಮೇಲಿನ ಗಾಳಿಯಷ್ಟು ತೆಳುವಾಗಿರುತ್ತದೆ. ವೇಗದ ಮೀಟರ್ 65 ನಾಟ್ ತೋರಿಸುವಾಗ ವಿಮಾನ ನಿಜಕ್ಕೂ 70ರಷ್ಟು ವೇಗದಲ್ಲಿ ಸಾಗುತ್ತಿರುತ್ತದೆ. ಗಾಳಿ ಬೀಸದ ಹೊತ್ತಿನಲ್ಲಿ ನೆಲದ ಮೇಲಿನ ವೇಗವೂ ಅಷ್ಟೇ. ರೆಕ್ಕೆಗೆ ಇದರಿಂದ ತೊಂದರೆಯಿಲ್ಲ, ಅದಕ್ಕೆ ಮೀಟರ್‌ನ 65 ಸಾಕು. ಆದರೆ ಬ್ರೇಕ್ ಮತ್ತು ಚಕ್ರ ಕಳೆಯಬೇಕಾದ ಶಕ್ತಿ ಕರಾವಳಿಗಿಂತ ಆರನೆಯ ಒಂದು ಪಾಲಿನಷ್ಟು ಹೆಚ್ಚು. ಗೋ-ಅರೌಂಡ್ ಮಾಡುವಾಗ ಎಂಜಿನ್ ಕೂಡ ಪುಸ್ತಕದಲ್ಲಿರುವ ಪೂರ್ತಿ ಬಲ ಕೊಡುವುದಿಲ್ಲ. ಹತ್ತು ನಾಟ್ ಹೆಚ್ಚು ಇಟ್ಟುಕೊಳ್ಳುವ ಅಭ್ಯಾಸಕ್ಕೆ ಇಲ್ಲಿ ಬೆಲೆ ಜಾಸ್ತಿ.

ಇಂಥ ಅಪಘಾತಗಳಲ್ಲಿ ಸೋಲೋ, ಅಂದರೆ ವಿದ್ಯಾರ್ಥಿ ಒಬ್ಬರೇ ಮಾಡುವ, ಹಾರಾಟದವು ಯಾಕೆ ಎದ್ದುಕಾಣುತ್ತವೆ? ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದರೆ ಮೊದಲ ಪುಟಿತದಲ್ಲೇ ‘ನಾನು ಹಿಡಿದೆ’ ಎಂದು ಕಂಟ್ರೋಲ್ ತೆಗೆದುಕೊಂಡಿರುತ್ತಾರೆ ಎನ್ನುವುದು ಮುಖ್ಯ ಕಾರಣ. ಆದರೆ ಅವರು ಇಳಿದುಹೋದಾಗ ವಿಮಾನವೂ ಬದಲಾಗುತ್ತದೆ. ಎಪ್ಪತ್ತು ಎಂಬತ್ತು ಕಿಲೋ ಹಗುರವಾಗಿರುತ್ತದೆ, ಅದೇ ವೇಗಕ್ಕೆ ಹೆಚ್ಚು ಹೊತ್ತು ತೇಲುತ್ತದೆ. ಇಷ್ಟು ದಿನ ಕಲಿತ ಲಯಕ್ಕೂ ಇಂದಿನ ಲಯಕ್ಕೂ ವ್ಯತ್ಯಾಸ ಬೀಳುತ್ತದೆ. ನಮ್ಮಲ್ಲಿ ವಿದ್ಯಾರ್ಥಿ ಪೈಲಟ್ ಲೈಸೆನ್ಸ್ 16 ವರ್ಷಕ್ಕೇ ಸಿಗುತ್ತದೆ, ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಮನೆಯವರು ಸಾಲ ಮಾಡಿ ಕಳಿಸಿರುತ್ತಾರೆ. ಒಂದು ಗೋ-ಅರೌಂಡ್ ಮಾಡಿದರೆ ‘ಇವನಿಗೆ ಇಳಿಸಲು ಬರಲಿಲ್ಲ’ ಎಂದಾರು ಎಂಬ ಅಂಜಿಕೆ ಆ ವಯಸ್ಸಿಗೆ ಸಣ್ಣದಲ್ಲ. ಕೆಳಗಿಂದ ನೋಡುತ್ತಿರುವ ಗೆಳೆಯರ ಎದುರು ಅದು ಇನ್ನೂ ದೊಡ್ಡದು.

ಅಡ್ಡಗಾಳಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 172ಎಸ್ ಕೈಪಿಡಿ 15 ನಾಟ್ ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಿದ್ದನ್ನು ದಾಖಲಿಸುತ್ತದೆ. ಅದು ಪರೀಕ್ಷಾ ಪೈಲಟ್‌ನ ಕೈ. ಸೋಲೋ ವಿದ್ಯಾರ್ಥಿಗೆ ಶಾಲೆಗಳು ಅದಕ್ಕಿಂತ ಕಡಿಮೆ ಮಿತಿ ಇಡುವುದು ವಾಡಿಕೆ. ಪುಟಿದ ವಿಮಾನಕ್ಕೆ ಅಡ್ಡಗಾಳಿ ಸಿಕ್ಕರೆ ಅದು ಪಕ್ಕಕ್ಕೆ ಸರಿದು, ಓರೆಯಾಗಿ ನೆಲ ತಾಗಿ, ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗುತ್ತದೆ.

ಮೂಗಿನ ಚಕ್ರ ಹೋದ ಮೇಲೆ ಏನಾಗುತ್ತದೆ ಎನ್ನುವುದು ನೆಲದ ಮೇಲೆ ನಿಂತಿದೆ. ಡಾಂಬರಿನ ಮೇಲಾದರೆ ವಿಮಾನ ಮೂಗು ಉಜ್ಜಿಕೊಂಡು ಜಾರಿ ನಿಲ್ಲುತ್ತದೆ. ಮಳೆಗೆ ಮೆತ್ತಗಾದ ಮಣ್ಣಿನಲ್ಲಾದರೆ ಮುರಿದ ಕಾಲು ಹುಗಿದು, ವಿಮಾನ ಮುಂದಕ್ಕೆ ಮಗುಚಿ ಬೆನ್ನಿನ ಮೇಲೆ ಬೀಳಬಹುದು. ಆಗ ಪೈಲಟ್ ಬೆಲ್ಟಿನಲ್ಲಿ ತಲೆಕೆಳಗಾಗಿ ತೂಗುತ್ತಿರುತ್ತಾರೆ. ಬೆಲ್ಟನ್ನು ಅವಸರದಲ್ಲಿ ಬಿಚ್ಚಿದರೆ ತಲೆಯ ಮೇಲೆ ಬಿದ್ದು ಕುತ್ತಿಗೆಗೆ ಪೆಟ್ಟಾಗುತ್ತದೆ. ಒಂದು ಕೈಯನ್ನು ಚಾವಣಿಗೆ ಊರಿ, ಭಾರ ಹಿಡಿದುಕೊಂಡು ಬಿಚ್ಚಬೇಕು. 172ರ ಇಂಧನ ಟ್ಯಾಂಕುಗಳು ರೆಕ್ಕೆಯಲ್ಲಿವೆ, ಮಗುಚಿದಾಗ ಸೋರಬಹುದು, ಆದ್ದರಿಂದ ಸಾಧ್ಯವಾದರೆ ಇಂಧನದ ವಾಲ್ವ್ ಮತ್ತು ಮಾಸ್ಟರ್ ಸ್ವಿಚ್ ಆಫ್ ಮಾಡಿ ದೂರ ಹೋಗಬೇಕು. ಹೆಗಲ ಮೇಲಿನ ಬೆಲ್ಟ್ ಹಾಕಿಕೊಂಡಿದ್ದರೆ ಬಹುತೇಕರು ತಾವೇ ಹೊರಗೆ ಬರುತ್ತಾರೆ.

ವಿಮಾನಕ್ಕೆ ಆದ ಹಾನಿ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡದು. ತಿರುಗುತ್ತಿದ್ದ ಪ್ರೊಪೆಲ್ಲರ್ ನೆಲಕ್ಕೆ ಬಡಿದರೆ ಆ ಪೆಟ್ಟು ನೇರವಾಗಿ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್‌ಗೆ ಹೋಗುತ್ತದೆ. ಹೊರಗೆ ಬಾಗಿದ ಅಲಗು ಮಾತ್ರ ಕಂಡರೂ ಎಂಜಿನ್ ಬಿಚ್ಚಿ ಒಳಗಿನ ಬಿರುಕು ಹುಡುಕದೆ ಮತ್ತೆ ಹಾರಿಸುವಂತಿಲ್ಲ. ಫೈರ್‌ವಾಲ್ ಸುಕ್ಕಾಗಿದ್ದರೆ ಅದು ವಿಮಾನದ ಚೌಕಟ್ಟಿನ ರಿಪೇರಿ. ಅಂತರರಾಷ್ಟ್ರೀಯ ವ್ಯಾಖ್ಯೆಯಲ್ಲಿ ‘ಅಪಘಾತ’ ಎಂಬ ಪದ ಇಲ್ಲಿಯೇ ಗೆರೆ ಎಳೆಯುತ್ತದೆ. ಯಾರಿಗೂ ಪೆಟ್ಟಾಗದೆ, ಪ್ರೊಪೆಲ್ಲರ್, ಟೈರ್, ರೆಕ್ಕೆಯ ತುದಿಗಷ್ಟೇ ಹಾನಿಯಾಗಿದ್ದರೆ ಅದು ಅಪಘಾತದ ಲೆಕ್ಕಕ್ಕೆ ಬಾರದು. ಚೌಕಟ್ಟಿನ ಬಲ ಕುಂದಿ ದೊಡ್ಡ ರಿಪೇರಿ ಬೇಕಾದರೆ ಬರುತ್ತದೆ.

ಭಾರತದಲ್ಲಿ ಅಪಘಾತಗಳ ತನಿಖೆಗೆ 2012ರಿಂದ ಪ್ರತ್ಯೇಕ ಬ್ಯೂರೋ ಇದೆ. ಮುಂದೆ ಇಂಥದ್ದು ಆಗದಂತೆ ತಡೆಯುವುದು ತನಿಖೆಯ ಗುರಿ, ಯಾರದು ತಪ್ಪು ಎಂದು ತೀರ್ಪು ಕೊಡುವುದಲ್ಲ ಎಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ಆ ಗುರಿ ಈಡೇರಬೇಕಾದರೆ ‘ವಿದ್ಯಾರ್ಥಿ ಪುಟಿತದಿಂದ ಸರಿಯಾಗಿ ಚೇತರಿಸಿಕೊಳ್ಳಲಿಲ್ಲ’ ಎಂಬ ಸಾಲಿಗೆ ವರದಿ ನಿಲ್ಲಬಾರದು ಎಂದು ನನ್ನ ಗಟ್ಟಿ ಅಭಿಪ್ರಾಯ. ಡಯಲ್‌ಗಳ ಬದಲು ಡಿಜಿಟಲ್ ಪರದೆ ಇರುವ ಹೊಸ 172ಗಳಲ್ಲಿ ವೇಗ, ಎತ್ತರ, ಎಂಜಿನ್ ಬಲವೆಲ್ಲ ಮೆಮೊರಿ ಕಾರ್ಡಿನಲ್ಲಿ ಸೆಕೆಂಡ್ ಸೆಕೆಂಡಿಗೂ ದಾಖಲಾಗುತ್ತವೆ. ಆ ದಿನ ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಬರುವ ಕೊನೆಯ ಹಂತದಲ್ಲಿ, ವೇಗ ಎಷ್ಟಿತ್ತು ಎಂದು ನೋಡುವುದು ಸುಲಭ. ಅದೇ ವಿದ್ಯಾರ್ಥಿ ಹಿಂದಿನ ವಾರಗಳಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಹಾರಿದಾಗಲೂ ಹತ್ತು ನಾಟ್ ಹೆಚ್ಚಿಟ್ಟುಕೊಂಡೇ ಬರುತ್ತಿದ್ದನೇ, ಅದನ್ನು ಯಾರಾದರೂ ತಿದ್ದಿದರೇ, ಸೋಲೋಗೆ ಬಿಡುವ ಮೊದಲು ನೆಲ ತಾಗಿದ ಮೇಲಿನ ಗೋ-ಅರೌಂಡ್ ಅವನ ಕೈಯಿಂದ ಎಷ್ಟು ಸಲ ಮಾಡಿಸಿದ್ದರು, ಲಾಗ್‌ಬುಕ್ಕಿನಲ್ಲಿ ಅದು ಬರೆದಿದೆಯೇ ಎನ್ನುವುದನ್ನೂ ಅದೇ ಶ್ರದ್ಧೆಯಿಂದ ತೆಗೆದು ನೋಡಬೇಕು. ಆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ್ದು ರನ್‌ವೇ ಪಕ್ಕದಲ್ಲಿ ನಿಂತ ಹುಡುಗ ಅಲ್ಲ, ಶಾಲೆ.